ತಗ್ಗಿನ ದಾರಿ

ಚಳಿಗಾಲದ ಇಂಗ್ಲೆಂಡಿನಲ್ಲಿ ಮೋಟರ್‌ಹೋಮ್ ಇಟ್ಟುಕೊಂಡವರ ಊಟದ ಮೇಜಿನ ಮೇಲೆ ಯುರೋಪಿನ ನಕಾಶೆ ಹರಡಿಕೊಂಡಿರುತ್ತದೆ. ಫ್ರಾನ್ಸಿನ ಕಲೇ ಬಂದರಿನ ಮೇಲೆ ಒಂದು ಬೆರಳು, ಸ್ಪೇನಿನ ಕೆಳತುದಿಯ ಅಲ್ಮೆರಿಯಾದ ಮೇಲೆ ಇನ್ನೊಂದು. ನಡುವೆ ಬೋರ್ಡೊ, ಬುರ್ಗೋಸ್, ಮ್ಯಾಡ್ರಿಡ್ ಹಾದು ಇಳಿಯುವ ಗೆರೆ, ಸುಮಾರು 2,100 ಕಿಲೋಮೀಟರ್. ದಕ್ಷಿಣಕ್ಕೆ ಹೋದಷ್ಟೂ ಚಳಿ ಕಡಿಮೆ, ಪಿರನೀಸ್ ಪರ್ವತ ದಾಟಿದರೆ ಬಿಸಿಲೇ ಬಿಸಿಲು ಎಂಬ ನಂಬಿಕೆಯಿಂದ ಹುಟ್ಟಿದ ಗೆರೆ ಇದು. ನನ್ನ ತಕರಾರಿರುವುದು ಈ ನಂಬಿಕೆಯ ಮೇಲೆಯೇ. ಮಂಗಳೂರಿನಿಂದ ಮಡಿಕೇರಿಗೆ ಹೊರಟವರು ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕಿ ಸ್ವೆಟರ್ ತೆಗೆದಿಟ್ಟುಕೊಳ್ಳುವುದಿಲ್ಲ. ಘಾಟಿ ಹತ್ತಬೇಕೆಂದು ಗೊತ್ತಿದ್ದರೆ ಸಾಕು. ಚಳಿಗಾಲದಲ್ಲಿ ಫ್ರಾನ್ಸಿನಿಂದ ಸ್ಪೇನಿಗೆ ಹೋಗುವವರೂ ನಕಾಶೆಯಲ್ಲಿ ಮೊದಲು ಓದಬೇಕಾದದ್ದು ಎತ್ತರವನ್ನು. ದೂರದ ಪಾಳಿ ಆಮೇಲೆ.

ಸ್ಪೇನ್ ಎಂದ ಕೂಡಲೇ ಕಡಲತೀರ, ತಾಳೆಮರ, ಬಣ್ಣದ ಕೊಡೆಗಳು ಕಣ್ಣಿಗೆ ಬರುವುದು ಪ್ರವಾಸೋದ್ಯಮದ ಜಾಹೀರಾತುಗಳ ಕೃಪೆ. ಆ ದೇಶದ ಒಡಲಿನ ಬಹುಭಾಗ ಮೆಸೆಟಾ ಎಂಬ ಎತ್ತರದ ಬಯಲು. ಮ್ಯಾಡ್ರಿಡ್ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ, ಬುರ್ಗೋಸ್ 860ರ ಹತ್ತಿರ, ಆವಿಲಾ 1,100ಕ್ಕೂ ಮೇಲೆ. ಬುರ್ಗೋಸ್‌ನಿಂದ ಮ್ಯಾಡ್ರಿಡ್‌ಗೆ ಹೋಗುವ ಹೆದ್ದಾರಿ ಸೊಮೊಸಿಯೆರಾದಲ್ಲಿ 1,400 ಮೀಟರ್ ದಾಟುತ್ತದೆ. ಬೋರ್ಡೊ ಬುರ್ಗೋಸ್‌ಗಿಂತ ಎರಡೂವರೆ ಡಿಗ್ರಿ ಉತ್ತರಕ್ಕಿದೆ. ಆದರೂ ಜನವರಿಯಲ್ಲಿ ಅದರ ಸರಾಸರಿ ಉಷ್ಣತೆ 7 ಡಿಗ್ರಿಯ ಆಸುಪಾಸು, ಬುರ್ಗೋಸ್‌ನದು 3ರ ಸುತ್ತಮುತ್ತ. ಅಂದರೆ ಗಡಿ ದಾಟಿ ಬಿಸಿಲಿಗೆ ಬಂದೆವೆಂದು ಕೋಟು ಕಳಚಿದವರು ಅದೇ ಸಂಜೆ ಅದನ್ನು ಮತ್ತೆ ಹುಡುಕಬೇಕು. ತೆರುಯೆಲ್ ಪ್ರಾಂತ್ಯದ ಕಾಲಮೋಚಾ ಎಂಬ ಊರಿನಲ್ಲಿ 1963ರ ಡಿಸೆಂಬರಿನಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ದಾಖಲಾಗಿದೆ. ಅಷ್ಟು ಹಿಂದಕ್ಕೆ ಹೋಗುವುದು ಬೇಡವೆಂದರೆ 2021ರ ಜನವರಿ ಇದೆ. ಫಿಲೊಮೆನಾ ಎಂಬ ಬಿರುಗಾಳಿ ಮ್ಯಾಡ್ರಿಡ್ ನಗರವನ್ನು ಹಿಮದಲ್ಲಿ ಹೂತುಹಾಕಿತು, ವರ್ತುಲ ರಸ್ತೆಗಳಲ್ಲಿ ವಾಹನಗಳು ರಾತ್ರಿಯಿಡೀ ಸಿಕ್ಕಿಬಿದ್ದಿದ್ದವು.

ಫ್ರಾನ್ಸಿನಲ್ಲೂ ಇಂಥದೇ ಆಮಿಷವೊಂದಿದೆ, ಎ75 ಹೆದ್ದಾರಿ. ಕ್ಲೆರ್ಮೋ-ಫೆರಾದಿಂದ ದಕ್ಷಿಣದ ಬೆಜಿಯೇವರೆಗೆ ಮಿಯೋ ಸೇತುವೆಯೊಂದನ್ನು ಬಿಟ್ಟರೆ ಎಲ್ಲೂ ಟೋಲ್ ಇಲ್ಲ. 2004ರ ಡಿಸೆಂಬರಿನಲ್ಲಿ ತೆರೆದ ಆ ಸೇತುವೆಯ ತುತ್ತತುದಿ ನೆಲದಿಂದ 343 ಮೀಟರ್ ಮೇಲಿದೆ. ಅದನ್ನು ನೋಡುವುದಕ್ಕೇ ದಾರಿ ಬಳಸಿ ಬರುವವರಿದ್ದಾರೆ. ಆದರೆ ಈ ಬಿಟ್ಟಿ ರಸ್ತೆ ಮಧ್ಯ ಫ್ರಾನ್ಸಿನ ಮಲೆಸೀಮೆಯಲ್ಲಿ 1,100 ಮೀಟರಿಗೂ ಮೇಲೆ ಏರುತ್ತದೆ, ಮತ್ತು ಅಲ್ಲಿ ಹಿಮ ಬೀಳುವುದು ಸುದ್ದಿಯಲ್ಲ. 2021ರ ನವೆಂಬರಿನಿಂದ ಜಾರಿಯಲ್ಲಿರುವ ಬೆಟ್ಟಸೀಮೆಯ ಕಾನೂನಿನಂತೆ, ಗೊತ್ತುಪಡಿಸಿದ ಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟಯರ್ ಹಾಕಿರಬೇಕು, ಇಲ್ಲವೇ ಚಕ್ರಕ್ಕೆ ಕಟ್ಟುವ ಸರಪಳಿ ಜೊತೆಯಲ್ಲಿರಬೇಕು.

ಇದಕ್ಕೆ ಮೊದಲ ಆಕ್ಷೇಪ ಸಿದ್ಧವಾಗಿಯೇ ಇದೆ. ಹೆದ್ದಾರಿಗಳಲ್ಲಿ ಹಿಮ ಬಿದ್ದ ಕೆಲವೇ ಗಂಟೆಗಳಲ್ಲಿ ಉಪ್ಪು ಎರಚಿ ಗುಡಿಸುತ್ತಾರೆ, ಕಾರುಗಳು ಚಳಿಗಾಲವಿಡೀ ಓಡಾಡುತ್ತವೆ, ಇಷ್ಟೇಕೆ ಹೆದರಬೇಕು? ಕಾರಿನ ಮಟ್ಟಿಗೆ ಮಾತು ಸರಿ. ಮೋಟರ್‌ಹೋಮ್ ಹಗಲು ವಾಹನ, ಸಂಜೆಯಾಯಿತೆಂದರೆ ಮನೆ; ಅದರ ಕಷ್ಟ ಶುರುವಾಗುವುದು ಗಾಡಿ ನಿಲ್ಲಿಸಿದ ಮೇಲೆ. ಅದರ ಹೊಟ್ಟೆಯೊಳಗೆ ನೀರಿನ ತೊಟ್ಟಿ, ಕೆಳಗೆ ಗಾಳಿಗೆ ತೆರೆದುಕೊಂಡ ಕೊಳಕು ನೀರಿನ ತೊಟ್ಟಿ, ಬೆರಳಷ್ಟು ದಪ್ಪದ ಪೈಪುಗಳು. ಅನೇಕ ಗಾಡಿಗಳ ಬಾಯ್ಲರಿಗೆ ಹೆಪ್ಪುಗಟ್ಟುವಿಕೆಯಿಂದ ಕಾಪಾಡಲು ಒಂದು ಪುಟ್ಟ ಕವಾಟ ಇಟ್ಟಿರುತ್ತಾರೆ. ಸುತ್ತಲಿನ ಉಷ್ಣತೆ 3 ಡಿಗ್ರಿಯ ಹತ್ತಿರಕ್ಕೆ ಇಳಿದರೆ ಅದು ಯಾರನ್ನೂ ಕೇಳದೆ ತೆರೆದುಕೊಂಡು ಇದ್ದ ಬಿಸಿನೀರನ್ನೆಲ್ಲ ರಸ್ತೆಗೆ ಸುರಿಯುತ್ತದೆ. ಬಾಯ್ಲರ್ ಒಡೆಯದೆ ಉಳಿಯುತ್ತದೆ, ಬೆಳಗಿನ ಸ್ನಾನ ಉಳಿಯುವುದಿಲ್ಲ. ಇನ್ನು ಗ್ಯಾಸು. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ದ್ರವ ಕುಲುಕುವುದು ಕೇಳಿಸುತ್ತದೆ, ಒಲೆಯಲ್ಲಿ ಮಾತ್ರ ಉರಿಯಿಲ್ಲ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುವುದರಿಂದ ಚಳಿಗೆ ಅದೇ ಗಟ್ಟಿ. ಸ್ಪೇನಿನ ಮನೆಮನೆಯಲ್ಲಿ ಕಾಣುವ ಕಿತ್ತಳೆ ಬಣ್ಣದ ಸಿಲಿಂಡರಿನಲ್ಲಿರುವುದು ಬ್ಯೂಟೇನ್. ಕಡಲತೀರದಲ್ಲಿ ಅದು ಸಾಕು, ಬುರ್ಗೋಸ್‌ನ ರಾತ್ರಿಗೆ ಸಾಲದು. ಲಿಥಿಯಂ ಬ್ಯಾಟರಿ ಸೊನ್ನೆಗಿಂತ ಕೆಳಗೆ ಚಾರ್ಜ್ ಆಗಲು ಒಪ್ಪುವುದಿಲ್ಲ. ಹೆದ್ದಾರಿ ಗುಡಿಸುವ ಯಂತ್ರ ಇವುಗಳಲ್ಲಿ ಯಾವುದನ್ನೂ ಸರಿಮಾಡದು.

ಹಾಗಾದರೆ ಎತ್ತರವೇ ಇಲ್ಲದ ದಾರಿ ಇದೆಯೇ? ಇದೆ. ಕಲೇಯಿಂದ ರೂಆನ್, ತೂರ್, ಪ್ವಾಟಿಯೇ ಹಾದು ಬೋರ್ಡೊವರೆಗೆ ಫ್ರಾನ್ಸಿನ ಪಶ್ಚಿಮದ ಬಯಲು. ಅಟ್ಲಾಂಟಿಕ್ ಸಾಗರದ ದೆಸೆಯಿಂದ ಅಲ್ಲಿ ಮಳೆ ಹೆಚ್ಚು, ಹಿಮ ಕಡಿಮೆ. ಬೋರ್ಡೊದಲ್ಲಿ ನೇರ ಕೆಳಗಿಳಿಯುವ ಬದಲು ಎಡಕ್ಕೆ ತಿರುಗಿ ಗರೋನ್ ನದಿಯ ಗುಂಟ ತುಲೂಸ್‌ಗೆ ಹೋಗಬೇಕು. ಅಲ್ಲಿಂದ ಮುಂದೆ ಉತ್ತರಕ್ಕೆ ಕಪ್ಪುಬೆಟ್ಟ ಎಂಬ ಸಾಲು, ದಕ್ಷಿಣಕ್ಕೆ ಪಿರನೀಸ್, ನಡುವೆ ಒಂದು ಕಿಂಡಿ. ಹೆಸರು ನೋರೂಸ್, ಎತ್ತರ ಬರೀ 189 ಮೀಟರ್. ಅದರ ಈಚೆಗೆ ಬಿದ್ದ ಮಳೆ ಅಟ್ಲಾಂಟಿಕ್‌ಗೆ, ಆಚೆಗೆ ಬಿದ್ದದ್ದು ಮೆಡಿಟರೇನಿಯನ್‌ಗೆ. ಈ ಕಿಂಡಿಯ ಮಹತ್ವವನ್ನು ಹದಿನೇಳನೇ ಶತಮಾನದಲ್ಲಿ ಚೆನ್ನಾಗಿ ಅರಿತಿದ್ದವನು ಪಿಯೇರ್-ಪೋಲ್ ರಿಕೇ, ಉಪ್ಪಿನ ತೆರಿಗೆ ವಸೂಲಿ ಮಾಡಿ ದುಡ್ಡು ಮಾಡಿದ್ದ ಮನುಷ್ಯ. ಎರಡು ಸಮುದ್ರಗಳ ನಡುವೆ ದೋಣಿ ಹೋಗಬೇಕಾದರೆ ಕಾಲುವೆ ಎಲ್ಲಾದರೂ ಒಂದು ಕಡೆ ನೀರು ಇಬ್ಭಾಗವಾಗುವ ದಿಣ್ಣೆ ಹತ್ತಲೇಬೇಕು. ಆ ದಿಣ್ಣೆ ಅತಿ ಕಡಿಮೆ ಎತ್ತರದ್ದಾಗಿರಬೇಕು, ಮತ್ತು ಅದರ ನೆತ್ತಿಗೆ ಬೇಸಿಗೆಯಲ್ಲೂ ನೀರು ಬರಬೇಕು. ರಿಕೇ ಕಪ್ಪುಬೆಟ್ಟದ ತೊರೆಗಳನ್ನು ಹಿಡಿದು, ಸೇನ್-ಫೆರಿಯೋಲ್‌ನಲ್ಲಿ ಜಲಾಶಯ ಕಟ್ಟಿ, ಆ ನೀರನ್ನು ನೋರೂಸ್‌ನ ನೆತ್ತಿಗೆ ತಂದ. 1666ರಲ್ಲಿ ಅನುಮತಿ ಸಿಕ್ಕಿದ ಮಿದಿ ಕಾಲುವೆ 1681ರಲ್ಲಿ ತೆರೆಯಿತು; ರಿಕೇ ಅದಕ್ಕೆ ಕೆಲವು ತಿಂಗಳು ಮೊದಲೇ ತೀರಿಕೊಂಡಿದ್ದ. ಇಂದು ಕಾಲುವೆ, ರೈಲು, ಹಳೆಯ ರಸ್ತೆ, ಎ61 ಹೆದ್ದಾರಿ ನಾಲ್ಕೂ ಇದೇ ಕಿಂಡಿಯಲ್ಲಿ ನುಸುಳುತ್ತವೆ. ಪೋರ್-ಲೋರಗೇ ಎಂಬ ಹೆದ್ದಾರಿ ತಂಗುದಾಣದಲ್ಲಿ ಒಂದು ಬದಿಗೆ ಲಾರಿಗಳು ನಿಂತಿದ್ದರೆ ಇನ್ನೊಂದು ಬದಿಗೆ ದೋಣಿಗಳು ಕಟ್ಟಿಕೊಂಡಿರುತ್ತವೆ. ದೋಣಿಗೆ ಸುಲಭವಾದ ದಾರಿ ಮೂರೂವರೆ ಟನ್ನಿನ ಮನೆಗೂ ಸುಲಭ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮುಂದೆ ಕಾರ್ಕಸೋನ್, ನಾರ್ಬೋನ್, ಪೆರ್ಪಿನ್ಯಾ. ಪಿರನೀಸ್ ಪರ್ವತ ಸಮುದ್ರಕ್ಕೆ ಇಳಿಯುವ ಮುನ್ನ ತಲೆ ತಗ್ಗಿಸುವ ಪೆರ್ತ್ಯೂಸ್‌ನಲ್ಲಿ 300 ಮೀಟರಿನೊಳಗೇ ಗಡಿ ದಾಟಿ, ಬಾರ್ಸಿಲೋನಾ, ವೆಲೆನ್ಸಿಯಾ, ಅಲಿಕಾಂಟೆ ಎಂದು ಕಡಲ ಬದಿಯಲ್ಲೇ ಇಳಿಯುವುದು.

ಇದು ಬಳಸು ದಾರಿ ಎಂಬುದು ನಿಜ. ಒಟ್ಟು ಸುಮಾರು 2,340 ಕಿಲೋಮೀಟರ್, ಅಂದರೆ ನೇರ ಗೆರೆಗಿಂತ 240ರಷ್ಟು ಹೆಚ್ಚು. ಆದರೆ ಚಳಿಗಾಲದಲ್ಲಿ ಒಂದು ದಿನಕ್ಕೆ ಎಷ್ಟು ಓಡಿಸಬಹುದು ಎಂಬುದನ್ನೂ ನೋಡಬೇಕು. ಜನವರಿಯ ಮೊದಲಲ್ಲಿ ಕಲೇಯಲ್ಲಿ ಸೂರ್ಯ ಹುಟ್ಟುವುದೇ ಬೆಳಿಗ್ಗೆ ಒಂಬತ್ತಕ್ಕೆ ಕೆಲವು ನಿಮಿಷ ಇರುವಾಗ, ಐದರ ಸುಮಾರಿಗೆ ಮುಳುಗಿಯಾಯಿತು. ಕತ್ತಲಲ್ಲಿ ಅಪರಿಚಿತ ಹಳ್ಳಿಯೊಳಗೆ ರಾತ್ರಿ ತಂಗುವ ಜಾಗ ಹುಡುಕುವುದು ಬೇಡವೆಂದರೆ ದಿನಕ್ಕೆ 250, ಹೆಚ್ಚೆಂದರೆ 300 ಕಿಲೋಮೀಟರ್. ಹಾಗಾಗಿ ತಗ್ಗಿನ ದಾರಿಯ ದಂಡ ಒಂದು ದಿನ. ಸೊಮೊಸಿಯೆರಾದಲ್ಲಿ ಹಿಮ ಕರಗಲು ಕಾಯುತ್ತ ಕೂತರೂ ಕನಿಷ್ಠ ಅಷ್ಟೇ ಹೋಗುತ್ತದೆ. ಟೋಲಿನ ವಿಷಯದಲ್ಲಿ ಫ್ರಾನ್ಸ್ ಧಾರಾಳವಾಗಿ ವಸೂಲಿ ಮಾಡುತ್ತದೆ, ನಿಜ. ಆದರೆ ಪ್ವಾಟಿಯೇಯಿಂದ ಬೋರ್ಡೊಗೆ ಎನ್10 ರಸ್ತೆ ಬಿಟ್ಟಿ, ಸ್ಪೇನಿನ ಕಡಲ ಹೆದ್ದಾರಿ ಎಪಿ-7ರಲ್ಲಿ ತರ್ರಗೋನಾದಿಂದ ಅಲಿಕಾಂಟೆವರೆಗಿನ ಟೋಲ್ 2020ರ ಜನವರಿಯಲ್ಲೇ ಹೋಯಿತು, ಗಡಿಯಿಂದ ಬಾರ್ಸಿಲೋನಾವರೆಗಿನದು 2021ರಲ್ಲಿ. ಇನ್ನೊಂದು ಉಪಾಯ ಭಾನುವಾರದ್ದು. ಫ್ರಾನ್ಸಿನಲ್ಲಿ ಶನಿವಾರ ರಾತ್ರಿ ಹತ್ತರಿಂದ ಭಾನುವಾರ ರಾತ್ರಿ ಹತ್ತರವರೆಗೆ ಏಳೂವರೆ ಟನ್ ಮೀರಿದ ಲಾರಿಗಳು ರಸ್ತೆಗಿಳಿಯುವಂತಿಲ್ಲ. ಎನ್10ರಂಥ ಲಾರಿಗಳ ರಾಜ್ಯದಲ್ಲಿ ಭಾನುವಾರ ಗಾಡಿ ಓಡಿಸುವ ನಿರಾಳವೇ ಬೇರೆ. ಅಂದಹಾಗೆ ಆ ಲಾರಿಗಳಲ್ಲಿ ಎಷ್ಟೋ ಬರುವುದು ಅಲ್ಮೆರಿಯಾದ ಪ್ಲಾಸ್ಟಿಕ್ ಹಸಿರುಮನೆಗಳಿಂದ. ಬಿಸಿಲು ಹುಡುಕಿ ಬ್ರಿಟಿಷರು ದಕ್ಷಿಣಕ್ಕೆ ಹೋಗುತ್ತಿದ್ದರೆ, ಅದೇ ಬಿಸಿಲು ಟೊಮೆಟೊ ರೂಪದಲ್ಲಿ ಲಾರಿ ಹತ್ತಿ ಅವರ ಊರಿಗೆ ಹೋಗುತ್ತಿರುತ್ತದೆ.

ತಗ್ಗಿಗೂ ಅದರದೇ ಕಾಟಗಳಿವೆ; ಅವನ್ನು ಮುಚ್ಚಿಟ್ಟು ವಾದಿಸುವುದು ಸರಿಯಲ್ಲ. ಬೆಟ್ಟಗಳ ನಡುವಿನ ಕಿಂಡಿ ದೋಣಿಗೆ ಅನುಕೂಲವಾದಂತೆ ಗಾಳಿಗೂ ಅನುಕೂಲ. ತ್ರಾಮೊಂತಾನ್ ಎಂಬ ವಾಯವ್ಯದ ಗಾಳಿ ಈ ಸಂದಿಯಲ್ಲಿ ಸೊಂಟ ಹಿಂಡಿಕೊಂಡು ಬಂದು ನಾರ್ಬೋನ್‌ನಿಂದ ಪೆರ್ಪಿನ್ಯಾವರೆಗೆ ಎ9 ಹೆದ್ದಾರಿಗೆ ಅಡ್ಡಲಾಗಿ ಬೀಸುತ್ತದೆ. ಮೂರು ಮೀಟರ್ ಎತ್ತರದ ಚಪ್ಪಟೆ ಗೋಡೆ ಹೊತ್ತ ಗಾಡಿಗೆ ಇದು ತಮಾಷೆಯಲ್ಲ. ಲಾರಿಯೊಂದನ್ನು ಹಿಂದಿಕ್ಕಿ ಅದರ ಮರೆಯಿಂದ ಹೊರಬಂದ ಕ್ಷಣ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಆದರೂ ಗಾಳಿಗೂ ಮಂಜುಗಡ್ಡೆಗೂ ವ್ಯತ್ಯಾಸವಿದೆ. ಗಾಳಿ ಬರುವುದನ್ನು ಹವಾಮಾನ ಇಲಾಖೆ ಮುಂಚಿತವಾಗಿ ಹೇಳುತ್ತದೆ, ಗಾಳಿಚೀಲಗಳು ರಸ್ತೆ ಬದಿಯಲ್ಲೇ ತೋರಿಸುತ್ತವೆ, ಮತ್ತು ಗಾಳಿ ಪೈಪು ಒಡೆಯುವುದಿಲ್ಲ. ನಾರ್ಬೋನ್‌ಗೆ ಮುಂಚೆಯೇ ಕಾಸ್ಟೆಲ್‌ನೋದಾರಿಯಲ್ಲಿ ನಿಂತು, ಆ ಊರು ತನ್ನದೇ ಎಂದು ಹಟ ಹಿಡಿದಿರುವ ಕಸೂಲೆ ಎಂಬ ಬಿಳಿ ಬೀನ್ಸ್ ಕಾಳಿನ ಮಾಂಸದಡಿಗೆ ತಿಂದು ಕಾದರಾಯಿತು. ಸಸ್ಯಾಹಾರಿಗಳಿಗೆ ಅಲ್ಲಿ ಕಾಲುವೆಯ ನೋಟವೇ ಗತಿ.

ಇದಕ್ಕಿಂತ ಗಂಭೀರವಾದದ್ದು ನೀರು. 2024ರ ಅಕ್ಟೋಬರ್ 29ರಂದು ವೆಲೆನ್ಸಿಯಾ ಸುತ್ತಮುತ್ತ ಬಂದ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬೇಸಿಗೆಯಲ್ಲಿ ಕಾದ ಮೆಡಿಟರೇನಿಯನ್ ಮೇಲೆ ಮೇಲ್ಗಾಳಿಯ ತಣ್ಣನೆಯ ಮಡುವು ಬಂದು ನಿಂತಾಗ ಸುರಿಯುವ ಈ ಮಳೆಗೆ ತಗ್ಗೇ ಗುರಿ; ಒಣಗಿ ಬಿದ್ದ ಹಳ್ಳದ ಪಾತ್ರದಲ್ಲಿ ಗಾಡಿ ನಿಲ್ಲಿಸುವ ಚಟವಿರುವವರು ಇದನ್ನು ನೆನಪಿಡಬೇಕು. ಆದರೆ ಇಂಥ ಮಳೆ ಹೆಚ್ಚಾಗಿ ಶರತ್ಕಾಲದ್ದು. ಸಮುದ್ರ ತಣಿದ ಮೇಲೆ, ಜನವರಿಯಲ್ಲಿ, ಅಪಾಯ ಬಹಳ ತಗ್ಗುತ್ತದೆ. ಇನ್ನು ಫ್ರಾನ್ಸಿನ ಗೊಡವೆಯೇ ಬೇಡ, ಇಂಗ್ಲೆಂಡಿನಿಂದ ನೇರ ಸಾಂತಾಂದೇರ್‌ಗೆ ಹಡಗು ಹತ್ತಿದರಾಯಿತು ಎನ್ನುವವರಿದ್ದಾರೆ. ಬಿಸ್ಕೇ ಕೊಲ್ಲಿಯ ಚಳಿಗಾಲದ ಅಲೆಗಳನ್ನು ಒಂದು ಹಗಲು ಒಂದು ರಾತ್ರಿ ಮೀರಿ ತಾಳಿಕೊಂಡು ಇಳಿದರೆ ಎದುರಿಗೇ ಕಾಂತಾಬ್ರಿಯಾ ಬೆಟ್ಟಸಾಲು. ದಕ್ಷಿಣಕ್ಕೆ ಹೋಗುವ ಹೆದ್ದಾರಿ ಸಾವಿರ ಮೀಟರಿನ ಹತ್ತಿರ ಏರಿ ಅದೇ ಮೆಸೆಟಾಕ್ಕೆ ತಂದು ಬಿಡುತ್ತದೆ. ಹಡಗು ಉಳಿಸುವುದು ಫ್ರಾನ್ಸಿನ ಸುಲಭದ ಭಾಗವನ್ನು, ಸ್ಪೇನಿನ ಕಷ್ಟದ ಭಾಗ ಹಾಗೇ ಇರುತ್ತದೆ.

ಕೊನೆಗೆ ದಿನಗಳ ಲೆಕ್ಕ. ಬ್ರೆಕ್ಸಿಟ್‌ಗೆ ಮುಂಚೆ ಬ್ರಿಟಿಷ್ ನಿವೃತ್ತರು ಅಕ್ಟೋಬರಿನಲ್ಲಿ ಹೋಗಿ ಏಪ್ರಿಲಿಗೆ ಬರುತ್ತಿದ್ದರು. 2021ರಿಂದ ಅವರಿಗೂ ಫ್ರಾನ್ಸ್, ಸ್ಪೇನ್ ಸೇರಿದ ಷೆಂಗೆನ್ ವಲಯದ ನಿಯಮ ತಗುಲಿದೆ: ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಲಂಡನ್ನಿನಲ್ಲಿ ಕೆಲಸ ಮಾಡುವ ಭಾರತೀಯ ಪಾಸ್‌ಪೋರ್ಟಿನ ಕನ್ನಡಿಗ ವೀಸಾ ಹಾಕಿಸಿಕೊಂಡು ಬಹಳ ಹಿಂದಿನಿಂದ ಎಣಿಸುತ್ತಿದ್ದ ದಿನಗಳನ್ನೇ ಈಗ ಪಕ್ಕದ ಮನೆಯ ಇಂಗ್ಲಿಷ್ ಅಜ್ಜನೂ ಬೆರಳು ಮಡಚಿ ಎಣಿಸುತ್ತಾನೆ. ಬ್ರಿಟನ್ನಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲವಾದ್ದರಿಂದ ಒಬ್ಬನ ಬೇಕನ್ನೂ ಇನ್ನೊಬ್ಬನ ತುಪ್ಪದ ಡಬ್ಬಿಯೂ ಒಟ್ಟಿಗೇ ಹಿಂದೆ ಉಳಿಯುತ್ತವೆ. ಬೆಲೆಬಾಳುವ ಈ ತೊಂಬತ್ತರಲ್ಲಿ ಒಂದು ದಿನವನ್ನು ಬಳಸು ದಾರಿಗೆ ಕೊಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು. ಫ್ರಾನ್ಸಿನ ದಿನಗಳೂ ಅದೇ ತೊಂಬತ್ತರಲ್ಲಿ ಸೇರುವುದರಿಂದ, ಆ ದೇಶವನ್ನು ಕಣ್ಣುಮುಚ್ಚಿ ದಾಟುವ ಓಣಿಯೆಂದು ತಿಳಿದರೆ ನಷ್ಟ ನಮ್ಮದೇ. ನಿಜ, ಅಲ್ಲಿನ ಊರುಗಳ ಕ್ಯಾಂಪಿಂಗ್ ಜಾಗಗಳು ಬಹುಪಾಲು ವಸಂತದವರೆಗೆ ಬಾಗಿಲು ಹಾಕಿರುತ್ತವೆ, ಮೋಟರ್‌ಹೋಮ್ ತಂಗುದಾಣಗಳ ನಲ್ಲಿಗಳನ್ನೂ ಹೆಪ್ಪುಗಟ್ಟಬಾರದೆಂದು ಹಲವೆಡೆ ನಿಲ್ಲಿಸಿರುತ್ತಾರೆ. ತೊಟ್ಟಿ ತುಂಬಿಸಿಕೊಳ್ಳುವ ಅವಕಾಶ ಸಿಕ್ಕಲ್ಲಿ ಬಿಡಬಾರದು. ಆದರೆ ಆರ್ಕಶೋನ್‌ನ ಸಿಂಪಿ, ನೈಋತ್ಯದ ಸಂತೆಗಳ ಕಪ್ಪು ಟ್ರಫಲ್, ಬೇಕರಿಗಳಲ್ಲಿ ಜನವರಿಯಿಡೀ ಮಾರುವ ರಾಜರ ರೊಟ್ಟಿ, ಎಲ್ಲವೂ ಚಳಿಗಾಲದ್ದೇ.

ಹೊರಡುವ ತಾರೀಖು ಆರಿಸುವಾಗಲೂ ಎತ್ತರವೇ ಲೆಕ್ಕಕ್ಕೆ ಬರುತ್ತದೆ. ನವೆಂಬರಿನಲ್ಲಿ ಹೋದವರು ಫೆಬ್ರವರಿಯ ಹಿಮದಲ್ಲಿ ಹಿಂತಿರುಗಬೇಕು. ಅಧಿಕ ವರ್ಷವಲ್ಲದಿದ್ದರೆ, ಜನವರಿ 10ಕ್ಕೆ ಕಲೇಯಲ್ಲಿ ಇಳಿದವರ ತೊಂಬತ್ತನೇ ದಿನ ಏಪ್ರಿಲ್ 9. ಮಾರ್ಚ್ 31ಕ್ಕೆ ಸರಪಳಿಯ ಕಾನೂನು ಮುಗಿದಿರುತ್ತದೆ, ಹಗಲು ಉದ್ದವಾಗಿರುತ್ತದೆ, ಹೋಗುವಾಗ ಬಿಟ್ಟ ಎ75ರಲ್ಲಿ ಮಿಯೋ ಸೇತುವೆ ನೋಡಿಕೊಂಡು ನಿಧಾನವಾಗಿ ಬರಬಹುದು. ಆದರೆ ಆ ದಾರಿಯ ಓಬ್ರಾಕ್ ಪ್ರಸ್ಥಭೂಮಿಗೆ ಈ ಕಾನೂನಿನ ತಾರೀಖು ಗೊತ್ತಿಲ್ಲ, ಏಪ್ರಿಲಿನಲ್ಲೂ ಅಲ್ಲಿ ಒಮ್ಮೊಮ್ಮೆ ಹಿಮ ಬೀಳುತ್ತದೆ. ಕ್ಲೆರ್ಮೋ-ಫೆರಾ ದಾಟುವವರೆಗೆ ಸರಪಳಿಯನ್ನು ಮಂಚದಡಿಯಲ್ಲಿ ತಳಕ್ಕೆ ಹಾಕಿಡುವ ಬದಲು ಬಾಗಿಲ ಹತ್ತಿರವೇ ಇಟ್ಟುಕೊಳ್ಳುವುದು ಒಳ್ಳೆಯದು.