ಜೆ. ಸಿ. ರಸ್ತೆಯಲ್ಲಿ ಒಂದು ತೊಟ್ಟು ಎಣ್ಣೆ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದತ್ತ ಸಾಗುವ ಜೆ. ಸಿ. ರಸ್ತೆಯಲ್ಲಿ ಮೋಟಾರಿನ ಬಿಡಿಭಾಗಗಳ ಅಂಗಡಿಗಳು ಸಾಲುಗಟ್ಟಿ ನಿಂತಿವೆ. 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರನ್ನು ಇಂದಿಗೂ ಮನೆಯ ಹಿರಿಯರಂತೆ ಸಾಕಿಕೊಂಡವರು ಇಲ್ಲಿಗೆ ಬರುವುದುಂಟು. ಬೆಳಗಾದರೆ ಕಾರಿನಡಿಯಲ್ಲಿ ಎಣ್ಣೆಯ ಕಲೆ! ಎಂಜಿನ್ನನ್ನೇ ಇಳಿಸಬೇಕಾಗಿ ಬಂದರೆ ಸಂಸಾರದ ಲೆಕ್ಕವೆಲ್ಲ ತಲೆಕೆಳಗು.

ಅನುಭವಿ ಮೇಸ್ತ್ರಿ ಮಾತ್ರ ಆತುರಪಡುವುದಿಲ್ಲ. ತೊಟ್ಟಿಕ್ಕುವ ಜಾಗ ಬೇರೆ, ಸೋರುವ ಜಾಗ ಬೇರೆ ಎಂಬುದನ್ನು ಅವನು ಬಲ್ಲ. ಮೇಲೆ ಜಿನುಗಿದ ಎಣ್ಣೆ ಎಂಜಿನ್ನಿನ ಬೆನ್ನಗುಂಟ ಇಳಿದು ಗೇರ್‌ಪೆಟ್ಟಿಗೆಯ ಬಳಿ ಹನಿಯುತ್ತದೆ. ಕಂಡವರು ಎಂಜಿನ್ನಿನ ಒಡಲೇ ಕೆಟ್ಟಿತೆಂದು ಬೆದರುತ್ತಾರೆ. ಅವನು ತಣ್ಣಗಾದ ಎಂಜಿನ್ನಿನ ಜಿಡ್ಡನ್ನು ಸೀಮೆಎಣ್ಣೆಯಿಂದ ತೊಳೆದು, ಚೆನ್ನಾಗಿ ಒಣಗಿಸಿ, ಅನುಮಾನದ ಕಡೆಗೆಲ್ಲ ಮುಖದ ಪೌಡರನ್ನು ಉದುರಿಸುತ್ತಾನೆ. ಒಂದು ಸುತ್ತು ಓಡಿಸಿ ಬಂದರೆ ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಅದರ ಜಾಡು ಹಿಡಿದು ಮೇಲೇರಿದರೆ ಕಳ್ಳ ಸಿಕ್ಕಿದಂತೆಯೇ.

ಎಷ್ಟೋ ಸಲ ಆ ಕಳ್ಳ, ಟ್ಯಾಪೆಟ್ ಮುಚ್ಚಳದಡಿ ಬಿಸಿಗೆ ಒಣಗಿ ಗಡುಸಾದ ಕಾರ್ಕಿನ ಪ್ಯಾಕಿಂಗ್! ಹೊಸದನ್ನು ಕೂಡಿಸಿ ನಟ್ಟನ್ನು ಹದವಾಗಿ ಬಿಗಿದರೆ ಸಾಕು. ಬಲ ಹಾಕಿದರೆ ಕಾರ್ಕು ಹಿಂಡಿ ಮತ್ತೆ ಸೋರೀತು. ಆ ಅಗ್ಗದ ಪ್ಯಾಕಿಂಗನ್ನು ಕಾಗದದಲ್ಲಿ ಸುತ್ತಿಕೊಂಡು ಅಂಗಡಿಯ ಮೆಟ್ಟಿಲಿಳಿಯುವವನ ನಡಿಗೆಯೇ ಬೇರೆ.