ಮುಳ್ಳುಗಳ ಸಾಕ್ಷ್ಯ

ಕೊರಟಗೆರೆಯ ಬಾಡಿಗೆ ಕಾರಿನ ಚಾಲಕನೊಬ್ಬನು ಹಗಲಿನಲ್ಲಿ ಗೊರವನಹಳ್ಳಿಗೂ ಸಿದ್ಧರಬೆಟ್ಟಕ್ಕೂ ಯಾತ್ರಿಕರನ್ನು ಕರೆದೊಯ್ಯುವನು. ವಾರಕ್ಕೆ ಎರಡಾವರ್ತಿ, ಬೆಳಕು ಹರಿಯುವ ಮುನ್ನವೇ, ಮೂತ್ರಪಿಂಡದ ವ್ಯಾಧಿಯಿಂದ ನರಳುವ ವೃದ್ಧರೊಬ್ಬರನ್ನು ಡಯಾಲಿಸಿಸ್ ಚಿಕಿತ್ಸೆಗಾಗಿ ತುಮಕೂರಿಗೆ ಮುಟ್ಟಿಸುವನು. ಮಾಗಿಯ ಒಂದು ಮುಂಜಾವದಲ್ಲಿ, ಊರು ಬಿಟ್ಟು 10 ಕಿಲೋಮೀಟರು ಹೋಗುವಷ್ಟರಲ್ಲಿ, ಎಂಜಿನ್ನಿನ ಶಾಖವನ್ನು ಸೂಚಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಕಾರನ್ನು ನಿಲ್ಲಿಸಿ ಬಾನೆಟ್ಟನ್ನೆತ್ತಿ ನೋಡಿದರೆ ಆವಿಯಿಲ್ಲ, ಕುದಿಯುವ ಸದ್ದಿಲ್ಲ. ಆದರೂ ಮುಳ್ಳನ್ನು ನಂಬದೆ ಮುಂದುವರಿಯುವ ಧೈರ್ಯವು ಅವನಿಗೆ ಬರಲಿಲ್ಲ. ಹೀಗೆ ಮೂರು ಕಡೆ ನಿಂತು ಆಸ್ಪತ್ರೆಯನ್ನು ಸೇರುವ ವೇಳೆಗೆ ವೃದ್ಧರ ಸರದಿ ತಪ್ಪಿ, ಅವರು ಸಂಜೆಯವರೆಗೆ ಕಾಯಬೇಕಾಯಿತು. ಅವರು ಏನನ್ನೂ ಅನ್ನಲಿಲ್ಲ; ಅವರ ಮಗನು ಬೇರೆ ಕಾರನ್ನು ಗೊತ್ತುಮಾಡುವ ಮಾತನ್ನಾಡಿದನು.

ಮರುದಿನ ಹಗಲಿನಲ್ಲಿ ಮುಳ್ಳು ತನ್ನ ಸ್ಥಾನದಲ್ಲಿಯೇ ಇದ್ದಿತು. ಅಂಗಡಿಯೊಂದರಲ್ಲಿ ಮೀಟರ್ ಬೋರ್ಡನ್ನೇ ಬದಲಾಯಿಸಬೇಕೆಂದರು. ಅದರ ಬೆಲೆಯು ಅವನ ಒಂದು ತಿಂಗಳ ಸಂಪಾದನೆಯನ್ನು ನುಂಗತಕ್ಕುದಾಗಿದ್ದಿತು.

ಕಡೆಗೆ ಅವನು ಕಾರುಗಳ ವಿದ್ಯುತ್ತಿನ ಕೆಲಸವನ್ನು ಬಲ್ಲ ಹಿರಿಯ ಮೇಸ್ತ್ರಿಯೊಬ್ಬನ ಬಳಿಗೆ ಹೋದನು.

“ಡೀಸಲ್ ಮುಳ್ಳು ಹೆಂಗಿತ್ತು?”

“ಅದೂ ಮೇಲಕ್ಕೇ ಇತ್ತಣ್ಣ. ಹಾಕ್ಸಿದ್ದು ಕಮ್ಮಿ, ತೋರಿಸಿದ್ದು ಜಾಸ್ತಿ.”

“ಲೈಟು ಹಾಕಿದ್ದಾ?”

“ಕತ್ತಲಲ್ಲಿ ಹಾಕ್ದೆ ಹೆಂಗಣ್ಣ?”

“ಎರಡು ಮುಳ್ಳೂ ಒಟ್ಟಿಗೆ ಕೆಡೋದು ಅಪರೂಪ ಕಣಪ್ಪ. ಎರಡಕ್ಕೂ ಸೇರಿದ ಜಾಗ ನೋಡಾಣ.”

ಅನ್ನಂಭಟ್ಟನ ತರ್ಕಸಂಗ್ರಹವನ್ನು ಈ ಮೇಸ್ತ್ರಿಯು ಕಂಡವನಲ್ಲ. ಆದರೆ ಒಂದಿದ್ದಲ್ಲಿ ಮತ್ತೊಂದಿರುವುದು, ಇಲ್ಲದಲ್ಲಿ ಇಲ್ಲದಿರುವುದು ಎಂಬ ಅನ್ವಯವ್ಯತಿರೇಕಗಳನ್ನು ಅವನಷ್ಟು ನಿಷ್ಠೆಯಿಂದ ಪಾಲಿಸುವವರು ಪಾಠಶಾಲೆಗಳಲ್ಲಿಯೂ ವಿರಳವೆಂದೇ ಹೇಳಬೇಕು.

ಆ ಕಾರಿನಲ್ಲಿ ಮುಳ್ಳುಗಳಿಗೂ ಫಲಕದ ದೀಪಗಳಿಗೂ ವಿದ್ಯುತ್ತು ಹಿಂದಿರುಗುವ ಮಾರ್ಗವು ಒಂದೇ: ಕಾರಿನ ಲೋಹದ ಮೈಗೆ ಬಿಗಿದ ಒಂದು ತಂತಿ. ಕಸುಬಿನವರು ಇದನ್ನು ಅರ್ಥ್ ಎನ್ನುವರು. ಆ ಸಂಧಿಯಲ್ಲಿ ತುಕ್ಕು ಹಿಡಿದರೆ ಪ್ರವಾಹಕ್ಕೆ ಅಡಚಣೆಯುಂಟಾಗುವುದು. ದೀಪಗಳನ್ನು ಹಚ್ಚಿದೊಡನೆ ಅವುಗಳ ಪ್ರವಾಹವೂ ಅಲ್ಲಿಯೇ ನುಗ್ಗುವುದರಿಂದ, ಶೂನ್ಯವಾಗಿರಬೇಕಾದ ಎಡೆಯಲ್ಲಿ ವೋಲ್ಟೇಜು ಏರಿ ಮುಳ್ಳುಗಳ ಲೆಕ್ಕ ತಪ್ಪುವುದು.

ಮೇಸ್ತ್ರಿಯು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಫಲಕದ ಅರ್ಥ್ ತಂತಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ ತುದಿಗೂ ತಾಗಿಸಿದನು. ಸುಸ್ಥಿತಿಯಲ್ಲಿರುವ ಸಂಧಿಯಲ್ಲಿ 0.2 ವೋಲ್ಟೂ ಕಾಣಬಾರದು. ದೀಪ ಹಚ್ಚಿದಾಗ ಇಲ್ಲಿ 2 ವೋಲ್ಟಿನ ಸಮೀಪ ಕಂಡಿತು. ಆ ಎರಡು ಎಡೆಗಳ ನಡುವೆ ತಾತ್ಕಾಲಿಕವಾಗಿ ಬೇರೊಂದು ತಂತಿಯನ್ನು ಸೇರಿಸಿದನು. ಎರಡು ಮುಳ್ಳುಗಳೂ ಇಳಿದವು. ತೆಗೆದನು, ಏರಿದವು. ಒಂದಾವರ್ತಿ ಸಾಲದೆಂದು ಮತ್ತೊಮ್ಮೆ ಹಾಗೆಯೇ ಮಾಡಿದನು. ಈಚಿನ ಕಾರುಗಳಲ್ಲಿ ಇಂತಹ ಸುದ್ದಿಯು ಗಣಕಗಳ ಮೂಲಕ ಸಂಖ್ಯಾರೂಪವಾಗಿ ಬರುವುದುಂಟು. ಅಲ್ಲಿಯೂ ಅರ್ಥನ್ನು ಪರೀಕ್ಷಿಸದೆ ಫಲಕವನ್ನು ದೂಷಿಸುವುದು ಆತುರವೇ ಸರಿ.

ಮುಂಗಾಜಿನಿಂದ ಸೋರಿದ ನೀರು ಡ್ಯಾಶ್‌ಬೋರ್ಡಿನ ಕೆಳಗಿನ ಬೋಲ್ಟನ್ನು ತಿಂದುಹಾಕಿದ್ದಿತು. ಮೇಸ್ತ್ರಿಯು ಅದನ್ನು ಉಜ್ಜಿ, ತಂತಿಗೆ ಹೊಸ ತುದಿಯನ್ನು ಹಾಕಿ ಬಿಗಿದನು. ಬಳಿಕ ಎಂಜಿನ್ನು ತಣ್ಣಗಿದ್ದುದನ್ನು ನೋಡಿಕೊಂಡು ರೇಡಿಯೇಟರಿನ ಮುಚ್ಚಳವನ್ನು ತೆಗೆದು ನೀರನ್ನೂ ಪರೀಕ್ಷಿಸಿದನು.

ಮುಂದಿನ ಸರದಿಯ ದಿನ ದೀಪಗಳು ಉರಿಯುತ್ತಿದ್ದರೂ ಮುಳ್ಳು ಕದಲಲಿಲ್ಲ. ಆದರೂ ಚಾಲಕನು ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ, ಬಾನೆಟ್ಟಿನ ಬಳಿ ಕ್ಷಣಕಾಲ ಕಿವಿಗೊಟ್ಟು ಬಂದನು. ವೃದ್ಧರು ಹಿಂದಿನ ಆಸನದಿಂದ, “ಏನಪ್ಪಾ?” ಎಂದರು.

“ಏನಿಲ್ಲ ಸ್ವಾಮಿ” ಎಂದು ಅವನು ಕಾರನ್ನು ಹೊರಡಿಸಿದನು.