ಹೆಸರೊಂದೇ ಉಳಿದವಳು

ಪ್ರದರ್ಶನಕ್ಕೆ ಫಲಕ ಬರೆಯುವುದೆಂದರೆ ಅಂಗಳಕ್ಕೆ ರಂಗೋಲಿ ಹಾಕಿದ ಹಾಗೆ ಎಂದುಕೊಂಡಿದ್ದೆ. ಕರಾವಳಿಯ ಯೆಹೂದಿಗಳ ಇತಿಹಾಸದ ಬಗ್ಗೆ ಗೆಳತಿಯೊಬ್ಬಳು ಸಣ್ಣ ಪ್ರದರ್ಶನ ಮಾಡುವವಳಿದ್ದಳು. “ಚಿತ್ರ, ಅಕ್ಷರ ಎಲ್ಲ ನಿನ್ನದೇ” ಎಂದಳು, ಒಪ್ಪಿಬಿಟ್ಟೆ. ಪಡಿಪಾಟಲು ಆಮೇಲೆ ತಿಳಿಯಿತು. ನಿಂತು ಓದುವವರ ಕಾಲು ನೋಯುತ್ತವೆ, ಮಾತು ಉದ್ದವಾಗಬಾರದು. ಸಾಲು ಹತ್ತಿರವಾದರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿನ ತಲೆಗೆ ಡಿಕ್ಕಿ ಹೊಡೆಯುತ್ತದೆ!

ಪ್ರದರ್ಶನದ ನಾಯಕ ಅಬ್ರಹಾಂ ಬೆನ್ ಯಿಜು, ಟ್ಯುನೀಸಿಯಾ ಮೂಲದ ಯೆಹೂದಿ ವ್ಯಾಪಾರಿ. ಹನ್ನೆರಡನೆಯ ಶತಮಾನದಲ್ಲಿ, ಅಂದರೆ ನಮ್ಮ ಬಸವಣ್ಣನವರ ಕಾಲದಲ್ಲೇ, ಮಂಗಳೂರಿಗೆ ಬಂದು ಸುಮಾರು 17 ವರ್ಷ ಈ ಕಡಲತೀರದಲ್ಲಿದ್ದ. ಮೆಣಸು, ಅಡಿಕೆ ಕಳಿಸುತ್ತಿದ್ದ; ಕಂಚಿನ ಸಾಮಾನು ಮಾಡಿಸುತ್ತಿದ್ದ. ನಮ್ಮವರು ತಾಳೆಗರಿಯ ಮೇಲೆ ಬರೆಯುತ್ತಿದ್ದ ಕಾಲ. ಅವನಿಗೆ ಏಡನ್ನಿನ ಗೆಳೆಯರು ಸಕ್ಕರೆ, ಒಣದ್ರಾಕ್ಷಿಯ ಜೊತೆ ಕಾಗದವನ್ನೂ ಕಳಿಸುತ್ತಿದ್ದರು. ಬಂದ ಪತ್ರದ ಬೆನ್ನಿಗೇ ಲೆಕ್ಕ ಬರೆದುಕೊಳ್ಳುತ್ತಿದ್ದನಂತೆ. ಲಗ್ನಪತ್ರಿಕೆಯ ಹಿಂದೆ ಹಾಲಿನ ಲೆಕ್ಕ ಬರೆಯುವ ನಮಗೆ ಇದೇನು ಹೊಸದೆ? ದೇವರ ಹೆಸರಿರಬಹುದಾದ ಕಾಗದವನ್ನು ಎಸೆಯಬಾರದೆಂದು ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಹಾಕಿಟ್ಟರು. ಹಾಗಾಗಿ ಇವೆಲ್ಲ ಉಳಿದವು.

ಆ ರಾಶಿಯಲ್ಲಿ 1132ರ ಅಕ್ಟೋಬರ್ 17ರದೊಂದು ಪತ್ರವಿದೆ. ಅಶು ಎಂಬ ದಾಸಿಯನ್ನು ಬೆನ್ ಯಿಜು ಮಂಗಳೂರಿನಲ್ಲಿ ಬಿಡುಗಡೆ ಮಾಡಿದ ಪತ್ರ. ಆಕೆಯೇ ಅವನ ಹೆಂಡತಿ, ಅವನ ಮಕ್ಕಳ ತಾಯಿ ಎಂಬುದು ವಿದ್ವಾಂಸರ ಊಹೆ. ಆದರೆ ಅವನು ತನ್ನವರಿಗೆ ಬರೆದ ಪತ್ರಗಳಲ್ಲಿ ಅವಳ ಸುದ್ದಿಯೇ ಇಲ್ಲ.

ನಾನು ಅವಳಿಗೆ ದೊಡ್ಡ ಕಣ್ಣು, ತುರುಬಿನ ತುಂಬ ಮಲ್ಲಿಗೆ ಬರೆದೆ. ತವರಾದ ಇಂಗಳೇಶ್ವರಕ್ಕೆ ಹೋದಾಗ ದೊಡ್ಡವ್ವನಿಗೆ ತೋರಿಸಿದೆ.

“ಚೆಂದ ಅದಾಳವ್ವ. ನೀ ಎಲ್ಲಿ ನೋಡಿದ್ದಿ ಈಕೀನ?”

ಉತ್ತರ ಹೊಳೆಯಲಿಲ್ಲ. ಸಂಜೆ ನಮ್ಮೂರ ವಚನ ಶಿಲಾಮಂಟಪಕ್ಕೆ ಹೋದೆ. ಕಲ್ಲಿನ ತುಂಬ ಅಕ್ಷರ. ಶರಣೆಯರ ಮುಖ ಕಂಡವರು ನಮ್ಮಲ್ಲಿ ಯಾರಿದ್ದೇವೆ? ಆದರೂ ಅವರ ಮಾತು ನಮಗೆ ದಕ್ಕಿದೆ. ಅಶುವಿನ ಒಂದು ಮಾತೂ ಉಳಿಯಲಿಲ್ಲ. ಇದ್ದ ಹೆಸರಿನ ಮೇಲೆ ನಾನು ಬೇರೆ ಯಾರದೋ ಮುಖ ಅಂಟಿಸಲು ಹೊರಟಿದ್ದೆ.

ಚಿತ್ರ ತೆಗೆದೆ. ಫಲಕದ ನಡುವೆ ‘ಅಶು’ ಎಂದು ದೊಡ್ಡದಾಗಿ ಬರೆದು, ಕೆಳಗೆ ತಾರೀಖು, ಊರು ಹಾಕಿದೆ. “ಖಾಲಿ ಖಾಲಿ ಕಾಣುತ್ತದಲ್ಲೇ” ಎಂದು ಗೆಳತಿ ಗೊಣಗಿದಳು. ಇರಲಿ ಎಂದೆ.

ಅಂದು ರಾತ್ರಿ ದೊಡ್ಡವ್ವನ ಪಕ್ಕದಲ್ಲಿ ಮಲಗಿ, “ನಿಮ್ಮ ಅಜ್ಜಿಯ ಹೆಸರೇನು?” ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು.

“ಎಲ್ಲಾರೂ ಆಯಿ ಅಂತಿದ್ವಿ. ಹೆಸರು ಯಾರೂ ಕೇಳಲೇ ಇಲ್ಲವ್ವ.”